ಹೂ ಕೇಳಲು ಹೋದದ್ದು

ಮಧ್ಯಾಹ್ನ ಮೂರೂ ಹತ್ತಕ್ಕೆ ಮಾಮಾ ಕಾರನ್ನು ನೀರಿಗಿಳಿಸಿದ. ಕೆಟ್ಟದ್ದು ಶುರುವಾದ ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನನ್ನ ಕಣ್ಣು ಸ್ಟೇರಿಂಗಿನ ಪಕ್ಕದ ಗಡಿಯಾರದ ಮೇಲಿತ್ತು. ಹೊರಗೆ ನೋಡುವ ಧೈರ್ಯ ಇರಲಿಲ್ಲ.

ಅದಾಗಿ ವಾರಗಳೇ ಕಳೆದ ಮೇಲೆ, ಇವತ್ತು ಬೆಳಿಗ್ಗೆ, ಅದೇ ಕಾರು ಲಿಂಗಸುಗೂರಿನ ನಮ್ಮ ಮನೆಯ ಮುಂದೆ ಬಂದು ನಿಂತಿತು. ಮಾಮಾ ಅದನ್ನು ತೊಳೆಸಿ, ಹೊಸ ಮ್ಯಾಟು ಹಾಕಿಸಿ, ಮಲ್ಲಿಗೆ ಸೆಂಟಿನ ಡಬ್ಬಿಯೊಂದನ್ನು ಅಂಟಿಸಿದ್ದಾನೆ. ಬಾಗಿಲು ತೆರೆದರೆ ಮಲ್ಲಿಗೆಯ ಕೆಳಗಿನಿಂದ ಹಳ್ಳದ ರಾಡಿ ವಾಸನೆ ಏಳುತ್ತದೆ. ನಾನು ಬಾಗಿಲು ಮತ್ತೆ ಮುಚ್ಚಿದೆ. ಮಾಮಾನಿಗೆ ವಾಸನೆಯೇ ಬಡಿಯಲಿಲ್ಲ. ನೆನಪೂ ಕಾರಿನ ಹಾಗೆ, ಒಮ್ಮೆ ತೊಳೆಸಿದರೆ ಮುಗಿಯಿತೆಂದು ತಿಳಿದವನು ಅವನು.

ಮೊದಲಿನಿಂದ ಹೇಳುತ್ತೇನೆ, ಕೇಳಿ. ಪರದೇಶದ ಒಂದು ವಿಶ್ವವಿದ್ಯಾಲಯ ನನ್ನನ್ನು ಅರ್ಥಶಾಸ್ತ್ರದ ಎಂ.ಎ. ಓದಲು ಕರೆದಿತ್ತು. ಫೀಸು ಅವರದೇ, ಉಣ್ಣುವ ಉಳಿಯುವ ಖರ್ಚೂ ಅವರದೇ. ತಿಂಗಳ ಕೊನೆಯೊಳಗೆ ಬರುತ್ತೇನೆ ಅಥವಾ ಇಲ್ಲ ಎಂದು ತಿಳಿಸಬೇಕಿತ್ತು. ಇಂಗ್ಲಿಷಿನ ಆ 'ಫಂಡಿಂಗ್' ಎಂಬುದನ್ನು ಮನೆಯವರಿಗೆ ಹೇಗೆ ತಿಳಿಸುವುದು ಎಂದು ತಡಕಾಡಿ, ಕೊನೆಗೆ 'ಪುಕ್ಕಟೆ' ಎಂದುಬಿಟ್ಟೆ. ನಾನು ಆಡಿದ ಮಾತುಗಳಲ್ಲಿ ಅದರಷ್ಟು ದಡ್ಡ ಮಾತು ಇನ್ನೊಂದಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಪುಕ್ಕಟೆ ಸಿಕ್ಕದ್ದನ್ನು ಯಾರೂ ಬಿಡುವುದಿಲ್ಲ, ಯಾರೂ ನಂಬುವುದೂ ಇಲ್ಲ.

ಮಾಮಾ ಎಂದರೆ ಅವ್ವನ ಅಣ್ಣ. ಸಿಂಧನೂರಿನಲ್ಲಿ ಭತ್ತದ ದಲಾಲಿ ಅಂಗಡಿ ಅವನದು. ಸುದ್ದಿ ಮುಟ್ಟಿದ ದಿನವೇ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದ:

"ಪುಕ್ಕಟೆ ಯಾರ್ ಕೊಡ್ತಾರಬೇ? ಇಷ್ಟ್ ವರ್ಷ ಅಂಗಡ್ಯಾಗ ಕುಂತೀನಿ, ಒಂದ್ ಕಪ್ ಚಾ ಸೈತ ಯಾರೂ ಪುಕ್ಕಟೆ ಕುಡಿಸಿಲ್ಲ. ಕುಡಿಸಿದವ್ರು ಸಂಜೀಕ ಉದ್ರಿ ಕೇಳಾಕ ಬಂದಾರ."

"ಚೊಲೋ ಓದೋರಿಗೆ ಕೊಡ್ತಾರ್ರೀ ಮಾಮಾ."

"ಯಾಕ, ಅವ್ರ ಊರಾಗ ಓದೋರು ತೀರ್‍ಯಾರೇನು?"

ಆಮೇಲೆ ಅರ್ಥಶಾಸ್ತ್ರದ ಸರದಿ. "ಎಕನಾಮಿಕ್ಸ್ ಅಂದ್ರ ಏನು? ಸೋವಿ ಇದ್ದಾಗ ತೊಗೋಳೂದು, ತುಟ್ಟಿ ಆದಾಗ ಮಾರೂದು. ಅದಕ್ಕ ಎರಡು ವರ್ಷ ವಿಮಾನ ಹತ್ತಿ ಹೋಗಬೇಕೇನು?" ನಿಜ ಹೇಳಬೇಕೆಂದರೆ, ಕಾಲೇಜಿನಲ್ಲಿ ನಮ್ಮ ಮೇಷ್ಟರೊಬ್ಬರು ಮೂರು ವರ್ಷ ನೋಟ್ಸ್ ಬರೆಸಿ ಕಲಿಸಿದ್ದೂ ಇಷ್ಟನ್ನೇ. ಮಾಮಾ ಒಂದೇ ಉಸಿರಿಗೆ ಮುಗಿಸಿದ.

ಅಪ್ಪನಿಗೆ ಲೋಕದ ಯಾವ ವಿಷಯದಲ್ಲೂ ಒಂದೇ ಅಭಿಪ್ರಾಯ: "ನಿಮ್ಮ ಮಾಮಾ ಏನಂತಾನ?" ಚುನಾವಣೆ, ಗೊಬ್ಬರ, ಮಗಳು, ಎಲ್ಲಕ್ಕೂ ಇದೇ. ಆದ್ದರಿಂದ ಅಪ್ಪನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದವಳು ಅವ್ವ. ಅವಳು ಹೂಂ ಅನ್ನದೆ ನಾನು ಹೊಸಿಲು ದಾಟುವವಳಲ್ಲ. ಇದು ನನಗೆ ಗೊತ್ತಿತ್ತು, ಮಾಮಾನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವ್ವ ಮಾತ್ರ ರೊಟ್ಟಿ ಬಡಿಯುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಅಷ್ಟ್ ದೂರ. ಏನರ ಆದ್ರ ಅಲ್ಲಿ ನಮ್ಮವರು ಅಂಬೋರು ಯಾರ್ ಅದಾರ? ಕಣ್ಣ ಮುಂದ ಇದ್ರ ಬ್ಯಾರೆ ಮಾತು."

"ಸುಮ್ನ ವಾದ ಯಾಕ, ಹೂ ಕೇಳೂಣು," ಎಂದ ಮಾಮಾ.

ಮಸ್ಕಿಯಿಂದ ಒಳಗೆ ಹೋಗುವ ಹಾದಿಯ ಹಳ್ಳಿಯೊಂದರಲ್ಲಿ ನಮ್ಮ ಮನೆದೇವರ ಗುಡಿ ಇದೆ. ಲಿಂಗದ ಎರಡೂ ಬದಿಗೆ ನೀರಲ್ಲಿ ಅದ್ದಿದ ಹೂವು ಅಂಟಿಸಿ ಕೂತು ಕಾಯುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆ ಸಿಕ್ಕಿತು, ಎಡಗಡೆಯದು ಬಿದ್ದರೆ ಇಲ್ಲ. ನಮ್ಮಲ್ಲಿ ಮದುವೆ, ಬೋರ್‌ವೆಲ್ಲು, ಪಾಲುದಾರಿಕೆ ಎಲ್ಲಕ್ಕೂ ಹೂ ಕೇಳಿದವರಿದ್ದಾರೆ. ಪರದೇಶದ ಎಂ.ಎ.ಗೆ ಕೇಳಿದವರು ಮಾತ್ರ ಅಲ್ಲಿಯವರೆಗೆ ಇರಲಿಲ್ಲ. ಹೂ ಎಡಕ್ಕೇ ಬೀಳುತ್ತದೆ ಎಂಬ ಭರವಸೆ ಮಾಮಾನಿಗಿತ್ತು. ಇಲ್ಲದಿದ್ದರೆ ತನ್ನ ಮಾತಿನ ಮೇಲೆ ದೇವರ ಮಾತು ಕೇಳುವ ಆಸಾಮಿಯಲ್ಲ ಅವನು.

ಜೂನ್ ತಿಂಗಳ ಮಿರಗದ ಮಳೆ ಹಿಡಿದ ವಾರ ಅದು. ಸೋಮವಾರ ಹೊರಟೆವು. ಮಾಮಾ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ನಾನು, ಹಿಂದೆ ಅವ್ವ. ಅವಳ ತೊಡೆಯ ಮೇಲೆ ಹೂವು ಕಾಯಿ ತುಂಬಿದ ಚೀಲ. ಮಸ್ಕಿ ದಾಟಿ ಒಳದಾರಿ ಹಿಡಿದಾಗ ಆಕಾಶ ಹೊಳವಾಗಿತ್ತು, ಆದರೆ ಮೇಲಿನ ಸೀಮೆಯಲ್ಲಿ ಹೊಡೆದ ಮಳೆ ಹಳ್ಳಕ್ಕೆ ಬಂದಿತ್ತು. ಅಲ್ಲಿರುವುದು ಕಟಾಂಜನವಿಲ್ಲದ ಗಿಡ್ಡ ಬ್ರಿಜ್ಜು. ಅದು ಕಾಣುತ್ತಲೇ ಇರಲಿಲ್ಲ. ಎರಡೂ ಅಂಚಿಗೆ ನೆಟ್ಟ ಗೂಟಗಲ್ಲುಗಳ ತಲೆ ಮಾತ್ರ ಕೆಂಪು ನೀರಿನ ಮೇಲಿತ್ತು. ಈ ದಂಡೆಯಲ್ಲಿ ಬೈಕು ನಿಲ್ಲಿಸಿಕೊಂಡು ಐದಾರು ಮಂದಿ ನಿಂತಿದ್ದರು.

"ಹಳ್ಳ ಬಂದೈತ್ರೀ ಸಾವ್ಕಾರ್ರ, ಸ್ವಲ್ಪ ತಡೀರಿ," ಎಂದ ಅವರಲ್ಲೊಬ್ಬ.

"ಮಾಮಾ, ತಿರುಗಿಸ್ರಿ," ಎಂದೆ.

"ಇವತ್ತು ತಪ್ಪಿದ್ರ ಮುಂದಿನ ಸೋಮವಾರ ಪೂಜಾರಿ ಊರಾಗ ಇರಂಗಿಲ್ಲ. ನಿಂದು ಮುದ್ದತ್ತು ಮುಗೀತೈತಿ. ದೇವ್ರ ಕೆಲಸಕ್ಕ ಹೊಂಟೀವಿ, ಏನಾಗ್ತೈತಿ?"

ಯೋಚನೆ ಮಾಡಿ. ಹುಡುಗಿ ದೂರ ಹೋದರೆ ಜೀವಕ್ಕೆ ಭದ್ರವೇ ಎಂದು ಕೇಳಲು, ಆ ಹುಡುಗಿಯನ್ನೇ ಕೂರಿಸಿಕೊಂಡು ತುಂಬಿದ ಹಳ್ಳಕ್ಕೆ ಇಳಿಯುವುದು. ಇಂಥ ವಿವೇಕಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರಿಲ್ಲ. ಇದ್ದರೆ ನನಗೆ ಇನ್ನೂ ಕಲಿಸಿಲ್ಲ.

ನಡುವೆ ಎಂಜಿನ್ ಕೆಮ್ಮಿ ನಿಂತಿತು. ಕಾಲಡಿಯಿಂದ ನೀರು ಬಂತು, ಮೊದಲು ಬೆರಳಿಗೆ, ಆಮೇಲೆ ಕಣಕಾಲಿಗೆ. ನಂತರ ಕಾರು ನಡೆಯಿತು. ಮುಂದಕ್ಕಲ್ಲ, ಬದಿಗೆ. ನಿಧಾನವಾಗಿ, ಯಾರೋ ಕಪಾಟು ಸರಿಸಿದ ಹಾಗೆ. ಈಗಲೂ ನನ್ನ ಮೈ ಮರೆಯದಿರುವುದು ಆ ಬದಿಗೆ ಸರಿಯುವುದನ್ನೇ; ನೀರನ್ನಲ್ಲ, ಸದ್ದನ್ನೂ ಅಲ್ಲ. ಕೂತ ಕುರ್ಚಿ ಸ್ವಲ್ಪ ಅಲುಗಿದರೂ ಅಂಗೈ ಬೆವರುತ್ತದೆ. ಕಾರಿನ ಹೊಟ್ಟೆ ಒಂದು ಗೂಟಗಲ್ಲಿಗೆ ಬಡಿದು ಸಿಕ್ಕಿಕೊಂಡಿತು. ಆ ಕಲ್ಲು ನೆಟ್ಟವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ದಂಡೆಯವರು ಕೂಗುತ್ತಿದ್ದರು, "ಗ್ಲಾಸ್ ಇಳಸ್ರಿ, ಗ್ಲಾಸ್ ಇಳಸ್ರಿ." ಅಷ್ಟರಲ್ಲಿ ಆಚೆಯಿಂದ ಬಂದ ಟ್ರ್ಯಾಕ್ಟರಿನವರು ಹಗ್ಗ ಎಸೆದು, ಸೊಂಟದ ನೀರಿನಲ್ಲಿ ನಡೆದು ಬಂದರು. ಕಿಟಕಿಯಿಂದ ಮೊದಲು ನನ್ನನ್ನು ಎಳೆದರು, ಆಮೇಲೆ ಅವ್ವನನ್ನು. ಕೊನೆಗೆ ಮಾಮಾ ಬಂದ, ಹೂವು ಕಾಯಿಯ ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು. ತಂಗಿಯ ಕೈ ಹಿಡಿಯಬೇಕಾದ ಕೈ ಅದು. ಬೈಕಿನವರಲ್ಲಿ ಇಬ್ಬರು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದರು. ಸಂಜೆಗೆ ಆ ವಿಡಿಯೊ ಸಿಂಧನೂರು, ಗೊರೇಬಾಳ ಎಲ್ಲ ತಿರುಗಿ ನಮ್ಮ ಮನೆಗೇ ಬಂತು, ಕೆಳಗೆ ಕೈಮುಗಿದ ಚಿತ್ರದೊಂದಿಗೆ.

ಮರುದಿನದಿಂದ ಮಾತಾಡಿಸಲು ಬರುವವರ ಸಾಲು. ನಮ್ಮ ಕಡೆಯವರಿಗೆ ಬದುಕಿ ಬಂದವರನ್ನು ನೋಡಲು ಬಹಳ ಇಷ್ಟ, ಆದರೆ ಸ್ವಲ್ಪ ನಿರಾಸೆಯಿಂದ ನೋಡುತ್ತಾರೆ. ಬಂದವರೆಲ್ಲ ಹಳ್ಳವನ್ನು ಬಿಟ್ಟರು, ಕಾರು ನಡೆಸಿದವನನ್ನೂ ಬಿಟ್ಟರು, ನನ್ನ ಓದನ್ನು ಹಿಡಿದುಕೊಂಡರು. "ಆ ಕಾಗದ ಬಂದಾಗಿಂದನ ಶುರು ಆತು ನೋಡವಾ," ಎಂದಳು ಪಕ್ಕದ ಮನೆಯ ಕಾಕಿ. ಮಾಮಾ ಅದಕ್ಕೆ ಮುದ್ರೆ ಒತ್ತಿದ: "ದೇವ್ರು ಹೂವಿನ ತನಕ ಕಾಯಲಿಲ್ಲ. ಹಾದ್ಯಾಗ ಹೇಳಿದ, ಬ್ಯಾಡಾ ಅಂತ." ಅಪ್ಪ ತಲೆಯಾಡಿಸಿದ. ಒಬ್ಬ ಮನುಷ್ಯ ತಾನು ಮಾಡಿದ ಹುಚ್ಚುತನವನ್ನು ಇಷ್ಟು ಸಲೀಸಾಗಿ ದೇವರ ಹೆಸರಿಗೆ ವರ್ಗಾಯಿಸಿದ್ದನ್ನು ನಾನು ಎಲ್ಲೂ ನೋಡಿಲ್ಲ. ದಲಾಲಿ ಅಂಗಡಿಯಲ್ಲಿ ಕಲಿತ ವಿದ್ಯೆ ಇದ್ದೀತು.

ನಗುತ್ತಿದ್ದೇನೆ ಅಂದುಕೊಳ್ಳಬೇಡಿ. ಹಗಲಿಗೆ ಇವರನ್ನೆಲ್ಲ ಮನಸ್ಸಿನಲ್ಲೇ ಹರಿದು ಒಗೆಯುತ್ತಿದ್ದ ನಾನು, ಕತ್ತಲಾದರೆ ಇವರ ಪಾರ್ಟಿ ಸೇರುತ್ತಿದ್ದೆ. ಕಣ್ಣು ಹತ್ತಿದರೆ ಸಾಕು, ಮಂಚ ಬದಿಗೆ ಸರಿಯುತ್ತಿತ್ತು. ಎದ್ದು ಕೂತು, ಇದು ಸೂಚನೆಯೇ ಇದ್ದರೆ ಎಂದು ಕೇಳಿಕೊಳ್ಳುತ್ತಿದ್ದೆ. ಬಿ.ಎ.ಯಲ್ಲಿ ಸಂಭವನೀಯತೆಯ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದ ಹುಡುಗಿ ಹೀಗೆ. ಪದವಿ ಎಂಬುದು ಎಷ್ಟು ತೆಳುವಾದ ಹೊದಿಕೆ ಎಂದರೆ ಸೊಂಟದುದ್ದ ನೀರಿಗೆ ಸಿಕ್ಕರೆ ಬಿಟ್ಟುಹೋಗುತ್ತದೆ.

ತಿಂಗಳು ಮುಗಿಯುತ್ತ ಬಂತು. ಬರುವುದಿಲ್ಲ ಎಂದು ಬರೆದುಬಿಡುವವಳಿದ್ದೆ. ಆ ಬುಧವಾರ ಅವ್ವ ಬೆಳಿಗ್ಗೆಯೇ ಸೀರೆ ಉಟ್ಟು ನಿಂತಳು. ಮಸ್ಕಿಗೆ ಹೋಗಿಬರುತ್ತೇನೆ ಅಂದಳು. ಜೊತೆಗೆ ಬರಲೇ ಎಂದರೆ ಬೇಡ ಅಂದಳು. ಬಸ್ಸು ಹತ್ತಿ ಒಬ್ಬಳೇ ಹೋದಳು. ನಾನು ಇಡೀ ದಿನ ಫೋನು ಕೈಯಲ್ಲಿ ಹಿಡಿದು ಕೂತೆ. ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ, "ನಿಮ್ಮ ಮಾಮಾನ್ನ ಕೇಳ್ಯಾಳೇನು?" ಎಂದು ವಿಚಾರಿಸಿದ.

ದೀಪ ಹಚ್ಚುವ ಹೊತ್ತಿಗೆ ಅವ್ವ ಬಂದು, ತಂಬಿಗೆ ನೀರು ಕುಡಿದು, ಗೋಡೆಗೆ ಒರಗಿ ಕೂತಳು.

"ಗುಡಿಗೆ ಹೋಗಿದ್ಯಾ?" ಎಂದೆ. "ಆ ಹಳ್ಳ ದಾಟಿ?"

"ಆಟೋದಾಗ ಹೋದ್ನಿ. ಎಲ್ಲಿ ಹಳ್ಳ? ನಾಕ್ ಎಮ್ಮಿ ಮಲಗ್ಯಾವ, ಅವಕ್ಕ ಬೆನ್ನು ಮುಳುಗುವಷ್ಟು ನೀರಿಲ್ಲ."

"ಹೂ ಕೇಳಿದ್ಯಾ?"

"ಪೂಜಾರಿ ಇರಲಿಲ್ಲ, ಬಾಗಲಾ ಹಾಕಿತ್ತು. ನಾ ಕೇಳಾಕ ಎಲ್ಲಿ ಹೋಗಿದ್ನಿ? ಹೇಳಾಕ ಹೋಗಿದ್ನಿ. ಹೊರಗ ನಿಂತು, ನನ್ನ ಮಗಳು ಓದಾಕ ಹೊಂಟಾಳಪ್ಪಾ, ನೋಡ್ಕೋ ಅಂತ ಹೇಳಿ ಕಾಯಿ ಒಡದು ಬಂದ್ನಿ."

ಅವ್ವ ಮುಂದುವರಿಸಿದಳು, ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತ. "ಕಣ್ಣ ಮುಂದ ಇದ್ರ ಕಾಯ್ತೀನಿ ಅಂದ್ಕೊಂಡಿದ್ನಿ. ಕಣ್ಣ ಮುಂದನ ಕುಂತಿದ್ದಿ, ನನ್ನ ಕೈಯಾಗ ಕಾಯಿ ಚೀಲ ಇತ್ತು. ಏನ್ ಮಾಡಿದ್ನಿ ನಾ? ಹೋಗು. ಅಲ್ಲಿ ಹಳ್ಳ ಬಂದ್ರ ದಂಡ್ಯಾಗ ನಿಂದ್ರೂ ಅಷ್ಟ್ ಶಾಣ್ಯಾತನ ನಿನಗೈತಿ."

"ಮಾಮಾ ಏನಂತಾನ?" ಎಂದ ಅಪ್ಪ ಬಾಗಿಲಿನಿಂದ.

"ಅವನ್ನ ಕೇಳಿಲ್ಲ. ಅವನಿಗೂ ಹೇಳೀನಿ, ಫೋನ್ ಮಾಡಿ." ಆಮೇಲೆ ನನ್ನ ಕಡೆ ತಿರುಗಿ, "ಆ ಒತ್ತೂದು ಏನೈತಿ, ಒತ್ತಿಬಿಡು. ಬ್ಯಾಳಿಗೆ ಒಗ್ಗರಣಿ ಹಾಕಬೇಕು ನಾ," ಎಂದಳು.

ಫೋನಿನಲ್ಲಿ 'ಬರುತ್ತೇನೆ' ಎಂಬುದನ್ನು ಒತ್ತಿದೆ. ಅವಳು ಒಳಗೆ ಹೋದಳು. ಸಾಸಿವೆ ಸಿಡಿದ ಸದ್ದು ಕೇಳಿದ್ದು ನೆನಪಿದೆ, ಉಂಡದ್ದು ನೆನಪಿದೆ, ಮಲಗಿದ್ದು ನೆನಪಿಲ್ಲ. ಎಚ್ಚರವಾದಾಗ ಬಿಸಿಲು ಹೊಟ್ಟೆಯ ಮೇಲಿತ್ತು, ಹಾಲಿನವನು ಬಂದು ಹೋಗಿದ್ದ, ಅವ್ವ ಅಂಗಳದಲ್ಲಿ ಯಾರಿಗೋ ಹೇಳುತ್ತಿದ್ದಳು: "ಮಕ್ಕೊಂಡಾಳ. ಎಬ್ಬಸಬ್ಯಾಡ್ರಿ." ಅಂದು ಗುರುವಾರ.