ತಲೆಗೆ ನೀರು ಹಾಕಿದ ದಿನ

ಆಗೆಲ್ಲ ದಾವಣಗೆರೆಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಹತ್ತಿ ಗಿರಣಿ ಕೂಗಿದಾಗ ಏಳುತ್ತಿದ್ದೆವು, ಕೂಗಿದಾಗ ಉಣ್ಣುತ್ತಿದ್ದೆವು. ಮಧ್ಯಾಹ್ನ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ಹುರಿದ ವಾಸನೆ ಓಣಿಯ ತುಂಬ ನಿಲ್ಲುತ್ತಿತ್ತು. ಆಗ ಶಾಲೆಗೆ ಹೋಗುತ್ತಿದ್ದ ನಿಮಗೂ ಫ್ಲೂ ಜ್ವರದ ಆ ಮುಂಗಾರು ನೆನಪಿರಬೇಕು. ಮದರಾಸಿಗೆ ಹಡಗಿನಲ್ಲಿ ಬಂದ ಜ್ವರ ಅಲ್ಲಿಂದ ರೈಲು ಹತ್ತಿತು ಎಂದು ದೊಡ್ಡವರು ಹೇಳುತ್ತಿದ್ದರು. ಬೇಸಿಗೆ ರಜೆ ಮುಗಿದರೂ ಶಾಲೆಯ ಬಾಗಿಲು ತೆರೆಯಲಿಲ್ಲ. ಗಿರಣಿಯಲ್ಲಿ ಅರ್ಧ ಮಗ್ಗಗಳು ನಿಂತಿವೆ ಎಂದು ಅಪ್ಪ ಹೇಳುತ್ತಿದ್ದ.

ನನಗೆ ಹನ್ನೊಂದು ವರ್ಷ. ಗಿರಣಿಯ ಗುಮಾಸ್ತರು ಹಳೆಯ ವರ್ಷದ ಖಾಲಿ ಡೈರಿಯೊಂದನ್ನು ಅಪ್ಪನಿಗೆ ಕೊಟ್ಟಿದ್ದರು. ಅದರಲ್ಲಿ ಅಚ್ಚಾಗಿದ್ದ ವಾರಗಳನ್ನು ಹೊಡೆದು, ಸರಿಯಾದ ವಾರಗಳನ್ನು ನಾನೇ ಬರೆದುಕೊಂಡಿದ್ದೆ. ಮಳೆ ಬಂದ ದಿನ, ಎಮ್ಮೆ ಈದ ದಿನ, ಗಜ್ಜುಗದಾಟದಲ್ಲಿ ಯಾರು ಎಷ್ಟು ಗೆದ್ದರು, ಎಲ್ಲವೂ ಅದರಲ್ಲಿದ್ದವು. ನನಗೆ ಒಂದೇ ನಿಯಮ: ಕಣ್ಣಾರೆ ನೋಡಿದ್ದನ್ನು ಬರೆಯಬೇಕು, ಕೇಳಿದ್ದನ್ನು ಬರೆಯಬಾರದು.

ಕೊನೆಯ ಪುಟದಲ್ಲಿ ಇನ್ನೊಂದು ಲೆಕ್ಕ ಇತ್ತು. ಹಾಲಮ್ಮ ನಾಲ್ಕು, ನಾನು ಮೂರು. ಎರಡನೇ ಮನೆಯ ಹಾಲಮ್ಮ ನನ್ನ ತರಗತಿಯವಳು. ಪರೀಕ್ಷೆಯಲ್ಲಿ ಮೊದಲು ಬಂದವರು ಯಾರು ಎಂಬ ಲೆಕ್ಕ ಅದು. ಅವಳಿಗೂ ಗೊತ್ತಿತ್ತು. "ಬರಕೋ ಬರಕೋ, ಈ ವರ್ಷ ಐದು ಮಾಡ್ತೀನಿ" ಎಂದು ನಗುತ್ತಿದ್ದಳು.

ಜುಲೈನಲ್ಲಿ ಓಣಿಯ ಜ್ವರ ಇಳಿಯತೊಡಗಿದಾಗ ಹೆಡ್ ಮಾಸ್ತರು ರುದ್ರಪ್ಪನವರು ಮನೆಮನೆಗೆ ಬಂದರು. ಶಾಲೆ ತೆರೆಯಬೇಕು, ಆದರೆ ಜ್ವರ ಮತ್ತೆ ಒಳಗೆ ಬರಬಾರದು. ಥರ್ಮಾಮೀಟರು ಯಾರ ಬಳಿಯೂ ಇರಲಿಲ್ಲ. ಕೇಳಿದರೆ "ಬಿಟ್ಟೈತೆ ತಗೋರಿ" ಎಂದು ಎಲ್ಲರೂ ಹೇಳುವವರೇ. ಆದರೆ ಜ್ವರ ಪೂರ್ತಿ ಬಿಡದೆ ನಮ್ಮಲ್ಲಿ ಯಾರೂ ತಲೆಗೆ ನೀರು ಹಾಕುತ್ತಿರಲಿಲ್ಲ, ಹಾಕಿದ್ದು ಗುಟ್ಟಾಗಿ ಉಳಿಯುತ್ತಲೂ ಇರಲಿಲ್ಲ. ಬಚ್ಚಲ ಹೊಗೆ, ಸೀಗೆಪುಡಿಯ ಘಾಟು, ಕಟ್ಟೆಯ ಮೇಲೆ ಬಿಸಿಲಿಗೆ ಹರವಿದ ಒದ್ದೆ ಕೂದಲು. ಆದ್ದರಿಂದ ಮಾಸ್ತರು ಅದನ್ನೇ ಗುರುತಾಗಿ ಹಿಡಿದರು. ಮನೆಯಲ್ಲಿ ಕಡೆಗೆ ಜ್ವರ ಬಂದವರಿಗೆ ನೀರು ಹಾಕಿ ಎಂಟು ದಿನ ಕಳೆದಿರಬೇಕು.

"ಇದನ್ನ ಬರೆದಿಡೋರು ಯಾರು?" ಎಂದರು ಮಾಸ್ತರು.

"ನಮ್ಮ ಸರೋಜಿ ಎಲ್ಲ ಬರೀತಾಳ್ರಿ" ಎಂದಳು ಅಮ್ಮ, ಹೆಮ್ಮೆಯಿಂದ. ಅವರು ಡೈರಿ ತಿರುವಿ ನೋಡಿ ನನ್ನ ತಲೆ ಸವರಿದರು. ಅವತ್ತಿನಿಂದ ನಾನು ಓಣಿಯ ಕಟ್ಟೆಗಳನ್ನು ಸುತ್ತತೊಡಗಿದೆ. ಒದ್ದೆ ಕೂದಲು ಕಂಡರೆ ಆ ಮನೆಯ ಹೆಸರಿನ ಮುಂದೆ ತಾರೀಖು ಹಾಕಿ "ನೀರು" ಎಂದು ಬರೆಯುತ್ತಿದ್ದೆ. ದೊಡ್ಡವರೂ ಕರೆದು ತೋರಿಸುತ್ತಿದ್ದರು. "ಏ ಸರೋಜಿ, ಮುಟ್ಟಿ ನೋಡವ್ವ, ಇನ್ನೂ ಒಣಗಿಲ್ಲ." ನನಗೆ ಅದರಲ್ಲಿ ಸುಖ ಇತ್ತು ಎಂದು ಒಪ್ಪಿಕೊಳ್ಳಬೇಕು.

ಹಾಲಮ್ಮನ ಮನೆಯಲ್ಲಿ ಜ್ವರ ಸುಮ್ಮನೆ ಬಂದು ಹೋಗಲಿಲ್ಲ. ಅವಳ ಅಜ್ಜಿ ತೀರಿಕೊಂಡಳು. ಅವಳ ಅವ್ವ ಹತ್ತಿ ಜಿನ್ನಿನ ಕೂಲಿಗೆ ಹೋಗುತ್ತಿದ್ದಳು. ಒಂದೂವರೆ ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಿದ್ದದ್ದು ಆ ಅಜ್ಜಿಯೇ. ಅಜ್ಜಿಯ ಮಣ್ಣು ಮುಗಿದ ಮಾರನೆಯ ದಿನ ಹಾಲಮ್ಮನೂ ಮಲಗಿದಳು. ಆರೈಕೆಗೆ ಯಾರೂ ಇಲ್ಲವೆಂದು ಅವಳನ್ನು ಹರಿಹರದ ಸೋದರಮಾವನ ಮನೆಗೆ ಒಯ್ದರು. ಕೂಸನ್ನು ನೋಡಲು ಲೋಕಿಕೆರೆಯಿಂದ ಅವಳ ಸೋದರತ್ತೆ ಬಂದಳು.

ಸೋಮವಾರ ಶಾಲೆ ತೆರೆಯುತ್ತದೆ ಎಂದಾಗ ಭಾನುವಾರ ಸಂಜೆ ಹಾಲಮ್ಮ ಹರಿಹರದಿಂದ ಬಂದಳು. ಇಳಿದು ಹೋಗಿದ್ದಳು, ಕಣ್ಣು ಮಾತ್ರ ದೊಡ್ಡವಾಗಿದ್ದವು. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಮಂಡಕ್ಕಿ ಹಿಡಿದು ನಮ್ಮ ಕಟ್ಟೆಗೆ ಬಂದಳು. ನನ್ನ ಉಡಿಗೆ ಅರ್ಧ ಸುರಿದಳು.

"ಅತ್ತಿ ನಾಳೆ ಸಂಜಿ ಊರಿಗೆ ಹೋಗ್ತಾಳೆ. ನಾನು ಶಾಲಿಗೆ ಹೋದ್ರೆ ಕೂಸನ್ನ ಲೋಕಿಕೆರೆಗೆ ಕರ್ಕೊಂಡು ಹೋಗ್ತಾಳಂತೆ. ನಾಳೆ ಒಳಗೆ ಕರ್ಕೊಳ್ಳಲಿಲ್ಲ ಅಂದ್ರೆ ನಾನೇ ಕೂಸು ನೋಡ್ಕೊಂಡು ಮನ್ಯಾಗ ಇರಬೇಕು ಅಂದಾನೆ ಅಪ್ಪ."

"ನಿನಗೆ ನೀರು ಹಾಕಿದ್ದು ಯಾವಾಗ?"

"ಹೋದ ಶುಕ್ರವಾರದ ಹಿಂದಿನ ಶುಕ್ರವಾರ. ಹರಿಹರದಾಗ ಹೊಳೀಗೆ ಕರ್ಕೊಂಡು ಹೋಗಿ ಹಾಕಿದ್ರು. ಎಷ್ಟಾತು ಎಣಿಸು."

ಎಣಿಸಿದೆ. ಸೋಮವಾರಕ್ಕೆ ಹತ್ತು ದಿನ. ಬೇಕಾದದ್ದಕ್ಕಿಂತ ಎರಡು ಹೆಚ್ಚು.

"ಬರಕೋ ಮತ್ತೆ" ಎಂದಳು.

"ನಾನು ನೋಡಿಲ್ಲಲ್ಲ."

"ಹರಿಹರದ ಹೊಳಿ ಇಲ್ಲಿಂದ ಕಾಣಸ್ತೈತೇನೆ?" ಎಂದು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಕೂಸು ಅಳತೊಡಗಿತು, ಎತ್ತಿಕೊಂಡು ಹೋದಳು. ನಾನು ಬರೆಯಲಿಲ್ಲ.

ಇದರ ಹಿಂದಿನ ದಿನದ್ದನ್ನೂ ಹೇಳಿಬಿಡುತ್ತೇನೆ. ಶನಿವಾರ ನನ್ನ ಪುಟ್ಟ ತಮ್ಮನ ಮೈ ಕೆಂಡದಂತಿತ್ತು. ನಾನು ಡೈರಿ ತೆಗೆದದ್ದನ್ನು ಅಮ್ಮ ಒಲೆಯ ಮುಂದಿನಿಂದಲೇ ನೋಡಿದಳು. "ಅದೆಲ್ಲ ಬರೀಬ್ಯಾಡ. ಹಲ್ಲು ಬರ್ತಿರಬೇಕು" ಎಂದಳು. ಮೆಣಸಿನ ಕಷಾಯ ಕುದಿಯುತ್ತಿತ್ತು. ಹಲ್ಲು ಬರುವ ಮಗುವಿಗೆ ಯಾರೂ ಮೆಣಸಿನ ಕಷಾಯ ಕುಡಿಸುವುದಿಲ್ಲ, ಅಷ್ಟು ನನಗೂ ಗೊತ್ತಿತ್ತು. ಆ ಪುಟ ಈಗಲೂ ಇದೆ. "ಶನಿವಾರ. ತಮ್ಮನಿಗೆ ಹಲ್ಲು."

ಸೋಮವಾರ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಮಾಸ್ತರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಡೈರಿ ಹಿಡಿದುಕೊಂಡು ನಾನು. ಒಳಗೆ ಹೊಸದಾಗಿ ಬಳಿದ ಸುಣ್ಣದ ವಾಸನೆ. ಒಬ್ಬೊಬ್ಬರ ಹೆಸರು ಕೂಗಿದಂತೆ ನಾನು ತಾರೀಖು ಓದುತ್ತಿದ್ದೆ, ಅವರು ಬೆರಳು ಮಡಚಿ ಎಣಿಸಿ ಒಳಗೆ ಬಿಡುತ್ತಿದ್ದರು. ನನ್ನ ಹೆಸರು ಬಂದಾಗ "ನಮ್ಮ ಮನ್ಯಾಗ ಯಾರಿಗೂ ಇಲ್ಲ ಸರ್" ಎಂದೆ. ಅವರು ಪುಟ ಕೇಳಲೂ ಇಲ್ಲ.

ಹಾಲಮ್ಮ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದಿದ್ದಳು. ಒಗೆದು ಮಡಿಸಿದ ಲಂಗ. ಅವಳ ಹಿಂದೆ, ರಸ್ತೆಯ ಆಚೆ, ಕೂಸನ್ನು ಎತ್ತಿಕೊಂಡು ಲೋಕಿಕೆರೆಯ ಅತ್ತೆ ನಿಂತಿದ್ದಳು.

"ಹರಿಹರದಾಗ ನೀರು ಹಾಕ್ಯಾರ್ರಿ ಸರ್. ಹತ್ತು ದಿನ ಆತು."

ಮಾಸ್ತರು ನನ್ನ ಕಡೆ ತಿರುಗಿದರು. "ಪುಸ್ತಕದಾಗ ಐತೇನು?"

"ಹೌದು ಸರ್, ನನಗೆ ಗೊತ್ತು, ಹತ್ತು ದಿನ ಆಗೈತೆ" ಎಂದು ಹೇಳಿದ್ದರೆ ಅವರು ನಂಬುತ್ತಿದ್ದರು. ಆ ಬೆಳಿಗ್ಗೆ ನಾನು ಏನು ಹೇಳಿದರೂ ನಂಬುತ್ತಿದ್ದರು.

"ಇಲ್ಲ ಸರ್. ನಾನು ನೋಡಿಲ್ಲ" ಎಂದೆ.

ಹಾಲಮ್ಮ ನನ್ನನ್ನೇ ನೋಡಿದಳು. "ಹೇಳೇ ಸರೋಜಿ" ಎಂದಳು, ಮೆಲ್ಲಗೆ. ನಾನು ಮುಂದಿನ ಹೆಸರಿನ ಮೇಲೆ ಬೆರಳಿಟ್ಟೆ.

"ಎಂಟು ದಿನ ಬಿಟ್ಟು ಬಾರವ್ವ. ಒಬ್ಬರನ್ನ ಒಳಗೆ ಬಿಟ್ರೆ ಎಲ್ಲರನ್ನೂ ಬಿಡಬೇಕಾಗ್ತದೆ" ಎಂದರು ಮಾಸ್ತರು. ಅವರು ಕೆಟ್ಟವರಾಗಿರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಓಣಿಯ ತುದಿಯಲ್ಲಿ ನಿಂತು ನೋಡಿದೆ. ಅತ್ತೆ ಗಂಟು ಹಿಡಿದುಕೊಂಡು ಲೋಕಿಕೆರೆಯ ಕಡೆಗೆ ಹೊರಟ ಗಾಡಿ ಹತ್ತಿದಳು. ಅವಳ ಕಂಕುಳಲ್ಲಿ ಕೂಸು ಇರಲಿಲ್ಲ. ಅದು ಕಟ್ಟೆಯ ಮೇಲೆ ಹಾಲಮ್ಮನ ತೊಡೆಯಲ್ಲಿ ಕೂತು ಅವಳ ಜಡೆಯ ಟೇಪು ಎಳೆಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

ಗುರುವಾರ ನನಗೆ ಜ್ವರ ಬಂತು. ಶುಕ್ರವಾರ ನನ್ನ ಸಾಲಿನಲ್ಲಿ ಕೂರುತ್ತಿದ್ದ ಐವರಿಗೆ. ಮುಂದಿನ ವಾರ ಮಾಸ್ತರೂ ಮಲಗಿದರು, ಶಾಲೆ ಮತ್ತೆ ಹನ್ನೆರಡು ದಿನ ಮುಚ್ಚಿತು. ಜ್ವರ ಹೆಂಗೆ ಒಳಗೆ ಬಂತೋ ಎಂದು ಓಣಿಯವರು ಮಾತಾಡಿಕೊಂಡರು. ಕೊಳಾಯಿಯ ಹತ್ತಿರ ಒಬ್ಬಳು ಹಾಲಮ್ಮನ ಮನೆಯ ಕಡೆ ಗದ್ದ ತೋರಿಸಿದಳು. ಅಮ್ಮ ಕೊಡ ಎತ್ತಿಕೊಂಡು ಸುಮ್ಮನೆ ಬಂದಳು. ಹಿಂದೆಯೇ ನಾನು.

ಶಾಲೆ ಎರಡನೆಯ ಸಲ ತೆರೆದಾಗ ಹಾಲಮ್ಮನ ಎಂಟು ದಿನ ಎಂದೋ ಕಳೆದಿತ್ತು. ಯಾರೂ ಅವಳನ್ನು ಕರೆಯಲಿಲ್ಲ. ಮಾಸ್ತರು ಒಮ್ಮೆ ಹೆಸರು ಕೂಗಿ, ತಲೆ ಎತ್ತಿ, ಮುಂದಿನ ಹೆಸರಿಗೆ ಹೋದರು. ಅಕ್ಟೋಬರಿನಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು.

ಹನ್ನೊಂದು ವರ್ಷವಾಯಿತು. ನಾನೀಗ ಭಾನುವಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹೋದ ವರ್ಷ ಹರಿಹರದ ಬಸ್ ನಿಲ್ದಾಣದಲ್ಲಿ ಹಾಲಮ್ಮ ಸಿಕ್ಕಳು. ಅವಳನ್ನು ಅದೇ ಊರಿಗೆ ಕೊಟ್ಟಿದ್ದಾರೆ. ಎರಡು ಮಕ್ಕಳು. ನಾನೇ ಮಾತಾಡಿಸಿದೆ. ಅವಳ ತಮ್ಮ ಏಳನೇ ತರಗತಿಗೆ ಬಂದಿದ್ದಾನಂತೆ, ಲೆಕ್ಕದಲ್ಲಿ ಚುರುಕಂತೆ. ಆ ಸೋಮವಾರದ ಮಾತು ಬಾಯಿಗೆ ಬರುವಷ್ಟರಲ್ಲಿ ಅವಳ ಬಸ್ಸು ಬಂತು.

"ಈಗ್ಲೂ ಬರೀತೀಯೇನು?" ಎಂದು ಕೇಳಿದಳು.

"ಹೂಂ."

"ಹಂಗಾರೆ ನಾನು ಸಿಕ್ಕಿದ್ದೂ ಬರಕೋ" ಎಂದಳು, ಮಗುವನ್ನು ಸೊಂಟಕ್ಕೇರಿಸುತ್ತ. "ಇದನ್ನಂತೂ ನೋಡಿದ್ದಿ."

ಇಷ್ಟು ವರ್ಷಗಳ ಡೈರಿಗಳು ಪೆಟ್ಟಿಗೆಯಲ್ಲಿವೆ. ಒಂದು ದಿನವೂ ಬಿಟ್ಟಿಲ್ಲ. ಆದರೆ ಅವನ್ನು ತೆಗೆದು ಮಳೆಯ ದಿನ ಓದಿದರೆ, ಇದು ನಿಜವಾಗಿ ಬಂದ ಮಳೆಯೇ ಎಂದು ಅನುಮಾನ ಬರುತ್ತದೆ. "ಹಲ್ಲು" ಎಂದು ಬರೆದ ಕೈಯೇ ಅದನ್ನೂ ಬರೆದದ್ದು. ಆಮೇಲಿನ ಪರೀಕ್ಷೆಗಳಲ್ಲೆಲ್ಲ ನಾನೇ ಮೊದಲು ಬಂದೆ. ಅವನ್ನು ಆ ಕೊನೆಯ ಪುಟಕ್ಕೆ ಸೇರಿಸಲು ಪ್ರತಿ ಸಲ ಪೆನ್ಸಿಲು ಹಿಡಿದೆ, ಪ್ರತಿ ಸಲ ಇಟ್ಟುಬಿಟ್ಟೆ. ಆ ಲೆಕ್ಕ ಇಂದಿಗೂ ಹಾಗೆಯೇ ಇದೆ: ಹಾಲಮ್ಮ ನಾಲ್ಕು, ನಾನು ಮೂರು.