ಒಂಬತ್ತರ ಪಕ್ಕ ಇನ್ನೂರ ಹನ್ನೆರಡು

ಬೆಳಗಿನ ಆರೂಮುಕ್ಕಾಲು. ಬಡಾವಣೆಯ ಪುಟ್ಟ ಅಂಚೆ ಕಚೇರಿಯ ಹಿಂಬದಿ ಕೋಣೆಯಲ್ಲಿ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿದೆ. ಪೋಸ್ಟಕ್ಕ ಚೀಲ ಕೊಡವಿ ಕಾಗದಗಳನ್ನು ಮೇಜಿನ ಮೇಲೆ ಸುರಿದು, ಇಸ್ಪೀಟು ಜೋಡಿಸುವವರ ಚುರುಕಿನಲ್ಲಿ ಒಂದರ ಹಿಂದೊಂದು ಇಡುತ್ತಿದ್ದಾರೆ. ಒಂಬತ್ತು, ಇನ್ನೂರ ಹನ್ನೆರಡು, ನಲವತ್ತು, ಮುನ್ನೂರ ಐದು. ಲೆಕ್ಕ ಬಾರದವರ ಕೆಲಸದ ಹಾಗಿದೆಯಲ್ಲ ಎಂದು ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗನ್ನಿಸಿದ್ದು ಮುಖದಲ್ಲೇ ಕಂಡಿರಬೇಕು.

"ನಗಬೇಡಿ, ರಸ್ತೆ ಇರೋದೇ ಹೀಗೆ," ಎನ್ನುತ್ತಾರೆ. "ಒಂಬತ್ತರ ಪಕ್ಕದ ಮನೆ ಇನ್ನೂರ ಹನ್ನೆರಡು. ಹತ್ತು ಬೇಕಂದ್ರೆ ಆಟದ ಮೈದಾನ ದಾಟಿ ಹೋಗ್ಬೇಕು."

ಇದಕ್ಕೊಂದು ಕಥೆಯಿದೆ. ಐವತ್ತು ವರ್ಷದ ಹಿಂದೆ ಇದು ಇಟ್ಟಿಗೆಗೆ ಮಣ್ಣು ತೆಗೆದು ಬಿಟ್ಟುಹೋದ ಹೊಂಡಗಳ ಜಾಗ. ಗಿರಣಿ ಕಾರ್ಮಿಕರ ಸಂಘ ಅದನ್ನು ಕೊಂಡು ನಿವೇಶನ ಹಂಚಿತು. ಯಾರ ಮನೆ ಮುಗಿಯಿತೋ ಅವರಿಗೆ ಸಂಘದ ಗುಮಾಸ್ತ ಮುಂದಿನ ನಂಬರ್ ಕೊಡುತ್ತಾ ಹೋದ, ಮನೆ ಯಾವ ಮೂಲೆಯಲ್ಲಿದ್ದರೂ ಸರಿ. ಹಾಗಾಗಿ ಇಲ್ಲಿನ ಬಾಗಿಲುಗಳನ್ನು ಓದಿದರೆ ಬಡಾವಣೆಯ ಚರಿತ್ರೆಯೇ ಸಿಗುತ್ತದೆ. ಮೂವತ್ತರೊಳಗಿನ ನಂಬರಿನವರು ಒಂದೇ ಬಾವಿಯ ನೀರು ಸೇದಿದವರು. ನೂರು ದಾಟುವ ಹೊತ್ತಿಗೆ ಬಸ್ಸು ಬಂತು. ಇನ್ನೂರರ ಆಸುಪಾಸಿನಲ್ಲಿ ಗಿರಣಿ ಮುಚ್ಚಿತು. ಅರ್ಧಕ್ಕೆ ನಿಂತ ಗೋಡೆಗಳನ್ನು ಹೊರಗಿನವರು ಕೊಂಡು ಮಹಡಿ ಎಬ್ಬಿಸಿದರು. ಇವತ್ತಿಗೂ ವಾಚನಾಲಯದ ಕಟ್ಟೆಯ ಮೇಲೆ ಹರಟೆ ಕಾವೇರಿದರೆ "ನೀವು ಮೂರಂಕಿಯವ್ರು, ನಿಮಗೇನು ಗೊತ್ತು" ಎಂದು ಹಳಬರು ಬಾಯಿ ಮುಚ್ಚಿಸುವುದುಂಟು.

ನಾನೂರ ಹನ್ನೆರಡು ಮನೆ, ಹನ್ನೊಂದು ಅಡ್ಡರಸ್ತೆ, ದಿನಕ್ಕೆ ಎಂಬತ್ತು ತೊಂಬತ್ತು ಕಾಗದ, ಸೈಕಲ್ಲಿನ ಮೇಲೆ ಒಂಬತ್ತು ಕಿಲೋಮೀಟರ್. ಈ ಗೋಜಲನ್ನು ಇಪ್ಪತ್ತಾರು ವರ್ಷದಿಂದ ತಲೆಯಲ್ಲಿಟ್ಟುಕೊಂಡವರು ಪೋಸ್ಟಕ್ಕ ಒಬ್ಬರೇ. ಗಂಡ ತೀರಿಕೊಂಡಾಗ ಮಗಳಿಗೆ ಆರು ವರ್ಷ. ಕೆಲಸವೇನೋ ಸಿಕ್ಕಿತು, ಸೈಕಲ್ ಬರುತ್ತಿರಲಿಲ್ಲ. ಮೊದಲ ತಿಂಗಳು ಕಾಗದ ಹಂಚಿದ್ದಕ್ಕಿಂತ ಮೊಣಕಾಲು ತರಚಿಕೊಂಡದ್ದೇ ಹೆಚ್ಚು. ಈಗ ಗ್ಯಾಸ್ ತರುವವರು, ಕೊರಿಯರ್‌ನವರು, ದಾರಿ ತಪ್ಪಿದ ನೆಂಟರು ಎಲ್ಲರೂ ಅವರನ್ನೇ ತಡೆದು ಕೇಳುತ್ತಾರೆ.

"ಒಂದು ಕಾಲದಲ್ಲಿ ಅದೇ ಜಂಭ ನಂಗೆ. ನಾನಿಲ್ದಿದ್ರೆ ಇಲ್ಲಿ ಯಾವ್ದೂ ನಡೆಯಲ್ಲ ಅಂತ."

ಆ ಜಂಭ ಇಳಿದದ್ದು ಎರಡು ವರ್ಷದ ಹಿಂದೆ. ಮಗಳ ಹೆರಿಗೆಗೆಂದು ಅವರು ಹದಿನೈದು ದಿನ ರಜೆ ಹಾಕಿದ್ದರು. ಒಂದು ಮಧ್ಯಾಹ್ನ ನೂರ ಅರವತ್ತಮೂರನೇ ಮನೆಯ ಟೈಲರ್‌ಗೆ ಪಾರ್ಶ್ವವಾಯು ಹೊಡೆಯಿತು. ಹೆಂಡತಿ ಅವರನ್ನು ಒಂಟಿಯಾಗಿ ಬಿಟ್ಟು ಬೀದಿಗೆ ಬರುವಂತಿರಲಿಲ್ಲ. ಆಂಬುಲೆನ್ಸಿಗೆ ನೂರ ಅರವತ್ತೆರಡು ಸಿಕ್ಕಿತು, ನೂರ ಅರವತ್ತನಾಲ್ಕೂ ಸಿಕ್ಕಿತು, ನಡುವಿನದಕ್ಕೆ ಮುಕ್ಕಾಲು ಗಂಟೆ ಸುತ್ತಿತು. ಜೀವ ಉಳಿಯಿತು, ಕತ್ತರಿ ಹಿಡಿಯುವ ಕೈ ಉಳಿಯಲಿಲ್ಲ.

"ನಿಂದೇನೂ ತಪ್ಪಿಲ್ಲ ಅಂತ ಎಲ್ರೂ ಹೇಳ್ತಾರೆ. ಆದ್ರೆ ನನ್ನ ತಲೇಲಿದ್ದಿದ್ದು ಗೋಡೆ ಮೇಲೆ ಇದ್ದಿದ್ರೆ ಆ ಕೈ ಉಳೀತಿತ್ತು ಅಲ್ವಾ?" ಎನ್ನುತ್ತಾ ಅವರು ಕಾಗದಗಳ ಕಟ್ಟಿಗೆ ದಾರ ಬಿಗಿಯುತ್ತಾರೆ.

ಅಂದಿನಿಂದ ಅವರು ಮನೆಗಳಿಗೆ ಸಾಲಾಗಿ ಹೊಸ ನಂಬರ್ ಬೇಕೆಂದು ಸಹಿ ಕೂಡಿಸುತ್ತಿದ್ದಾರೆ. ಎಲ್ಲ ಮನೆಯವರೂ ಒಪ್ಪಿದರಷ್ಟೇ ಬದಲಾಯಿಸುತ್ತೇವೆ ಎಂದಿದೆ ನಗರಸಭೆ. ಗಡುವು ಈ ಶನಿವಾರ. ಹಳಬರು ಮುಖ ಗಂಟಿಕ್ಕಿದರು. ಮೂರಂಕಿಯವರು ಬ್ಯಾಂಕಿನಲ್ಲಿ ವಿಳಾಸ ತಿದ್ದಿಸುವ ತಲೆನೋವು ಯಾರಿಗೆ ಬೇಕು ಎಂದರು. ಆದರೂ ನಾನೂರ ಹನ್ನೊಂದು ಸಹಿ ಬಿದ್ದಿದೆ. ಉಳಿದವರು ಒಂದನೇ ನಂಬರಿನ ಅಜ್ಜ, ಗಿರಣಿಯ ಹಳೇ ಫಿಟ್ಟರ್. ಹೊಸ ಸಾಲಿನಲ್ಲಿ ಅವರದು ಇನ್ನೂರ ನಲವತ್ತಾರು.

ಇವತ್ತು ಕಾಗದ ಹಂಚುತ್ತಾ ಅಲ್ಲಿಗೆ ಹೋದಾಗ ನಾನೂ ಜೊತೆಗಿದ್ದೇನೆ. ಅಜ್ಜ ಜಗಲಿಯಲ್ಲೇ ಕಾಯುತ್ತಿದ್ದಾರೆ.

"ಹೊಂಡದಲ್ಲಿ ಹಾವು ಓಡಿಸಿ ಮನೆ ಕಟ್ಟಿದ್ದು ನಾನು. ಇನ್ನೂರ ನಲವತ್ತಾರನೆಯವನಾಗಿ ಸಾಯ್ಲಾ?"

"ಯಾರಜ್ಜ ನಿಮ್ಮನ್ನ ಸಾಯಿ ಅಂದಿದ್ದು? ಸಹಿ ಹಾಕಿ ಅಂದೆ ಅಷ್ಟೇ."

ಅಜ್ಜ ನಗುವುದಿಲ್ಲ. "ಹುಚ್ಚಿ, ಇನ್ನೆಂಟು ತಿಂಗಳಿಗೆ ನಿವೃತ್ತಿ ನಿಂಗೆ. ಈ ನಂಬರ್ ಇರೋ ತನಕ ಜನ ನಿನ್ನ ಹುಡುಕ್ಕೊಂಡು ಬರ್ತಾರೆ. ಸಾಲಾಗಿ ಬರೆದ್ಬಿಟ್ರೆ ನಿನ್ನ ಯಾರು ಕೇಳ್ತಾರೆ?"

"ಯಾರೂ ಕೇಳ್ಬಾರ್ದು ಅಂತಾನೇ ಬಂದಿದೀನಿ ಅಜ್ಜ."

ಅಜ್ಜ ಕನ್ನಡಕ ಹಾಕಿಕೊಂಡು ಸಹಿಗಳ ಪಟ್ಟಿಯನ್ನು ಮೊದಲಿನಿಂದ ಓದುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ.

"ಇದ್ಯಾರದು, ಕಾಗೆ ಕಾಲು ಗುಬ್ಬಿ ಕಾಲು?"

"ಟೈಲರಣ್ಣಂದು. ಎಡಗೈಲಿ ಹಾಕಿದ್ದು."

ಅಜ್ಜ ಪೆನ್ನಿಗೆ ಕೈ ಚಾಚುತ್ತಾರೆ. "ಬಂದಿದ್ದು ಎಲ್ರಿಗಿಂತ ಮೊದ್ಲು, ಸಹಿ ಎಲ್ರಿಗಿಂತ ಕೊನೆಗೆ. ಒಳ್ಳೇ ಗತಿ," ಎಂದು ಗೊಣಗುತ್ತಲೇ ದಪ್ಪ ಅಕ್ಷರದಲ್ಲಿ ಹೆಸರು ಬರೆಯುತ್ತಾರೆ. ಪೋಸ್ಟಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರಿಗೆ ಬಂದ ಪಿಂಚಣಿ ಕಾಗದವನ್ನು ಕೊಡಲು ಮರೆತು ಗೇಟಿನವರೆಗೆ ಹೋಗಿ ವಾಪಸು ಬರುತ್ತಾರೆ.

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ನನ್ನ ಮನೇನೂ ಇಲ್ಲೇ ಅಲ್ವಾ? ಬೆಳಿಗ್ಗೆ ಬಾಗಿಲಲ್ಲಿ ಕೂತಿರ್ತೀನಿ. ನನ್ನ ಜಾಗಕ್ಕೆ ಹೊಸದಾಗಿ ಬಂದವ್ರು ಸೈಕಲ್ ನಿಲ್ಲಿಸ್ದೆ, ದಾರಿ ಕೇಳ್ದೆ, ನೆಟ್ಟಗೆ ಮುಂದಕ್ಕೆ ಹೋಗ್ಬೇಕು. ನನ್ನ ಮುಖಾನೂ ನೋಡ್ಬಾರ್ದು. ಅಷ್ಟಾದ್ರೆ ಸಾಕು."