ಮಧ್ಯದ ಕೆಪಾಸಿಟರ್

ಪ್ರಯೋಗಶಾಲೆಯಲ್ಲಿ ಎಲ್ಲರೂ ಅವನನ್ನು ಪಟಾಕಿ ಎನ್ನುತ್ತಿದ್ದರು. ಕಾರಣ ಅವನ ಕೋಪವಲ್ಲ. ಕೋಪವೂ ಇತ್ತು, ಅದು ಬೇರೆ ಮಾತು. ಹಿಂದಿನ ಷೆಡ್ಡಿನಲ್ಲಿ ಒಂದು ಕಬ್ಬಿಣದ ಪಂಜರವಿತ್ತು. ಯಾವ ಫಿಲ್ಟರಿನ ಮಾಡೆಲ್ ಬರೆದರೂ ಸಹಿ ಹಾಕುವ ಮೊದಲು ಅದರ ಒಂದು ಕೆಪಾಸಿಟರನ್ನು, ಅಂದರೆ ವಿದ್ಯುತ್ ಹಿಡಿದಿಡುವ ಎಣ್ಣೆ ಡಬ್ಬಿಯನ್ನು, ಅಲ್ಲಿಟ್ಟು, ಸಿಡಿಯುವವರೆಗೆ ವೋಲ್ಟೇಜ್ ಏರಿಸುತ್ತಿದ್ದ. ಡಬ್ಬಿ ಒಡೆದು, ಬಿಸಿ ಎಣ್ಣೆ ಗೋಡೆಗೆ ರಾಚಿ, ನಮ್ಮ ಕಿವಿ ಗುಂಯ್‌ಗುಡುತ್ತಿರುವಾಗ ಚೀಟಿಯಲ್ಲಿ ಒಂದು ಸಂಖ್ಯೆ ಬರೆದುಕೊಂಡು ಹೊರಗೆ ಬರುತ್ತಿದ್ದ.

"ಎಲ್ಲಿ ಸಾಯುತ್ತೆ ಅಂತ ಗೊತ್ತಿಲ್ಲದೆ ಹೇಗೆ ಬದುಕುತ್ತೆ ಅಂತ ಬರೀಬಾರದು ಕಣೋ" ಎನ್ನುತ್ತಿದ್ದ. ಇಪ್ಪತ್ತು ವರ್ಷ ಅವನ ಪಕ್ಕದ ಮೇಜು ನನ್ನದು.

ನಾವು ಮಾಡುವುದು ದೊಡ್ಡ ಮೋಟಾರುಗಳನ್ನು ನಡೆಸುವ ವಿದ್ಯುತ್ ಪೆಟ್ಟಿಗೆಗಳನ್ನು. ಕರೆಂಟಿನ ಕೊಳೆ ಸೋಸಲು ಒಳಗೆ ತಾಮ್ರದ ಸುರುಳಿಗಳೂ ಕೆಪಾಸಿಟರುಗಳೂ ಸೇರಿದ ಫಿಲ್ಟರ್ ಇರುತ್ತದೆ. ಪೆಟ್ಟಿಗೆ ಕಟ್ಟುವ ಮೊದಲು ಇಡೀ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕು. ಒಂದೊಂದು ಸುರುಳಿಯನ್ನೂ ಬಿಡಿಬಿಡಿಯಾಗಿ ಬರೆದರೆ ಅದು ಗಂಟೆಗಟ್ಟಲೆ ಓಡುತ್ತದೆ. ಪಟಾಕಿ ತನ್ನ ಮಾಡೆಲ್ಲಿನಲ್ಲಿ ಇಡೀ ಫಿಲ್ಟರನ್ನು ಒಂದೇ ಸಮೀಕರಣವಾಗಿ ಬರೆಯುತ್ತಿದ್ದ: ಈ ಕಡೆಯಿಂದ ಇಷ್ಟು ಹೋದರೆ ಆ ಕಡೆ ಇಷ್ಟು ಬರುತ್ತದೆ. ನಡುವೆ ಏನಾಗುತ್ತದೆ ಎನ್ನುವುದು ಅದರಲ್ಲಿ ಇರುವುದಿಲ್ಲ. ಹತ್ತು ನಿಮಿಷದಲ್ಲಿ ಉತ್ತರ.

ಈ ವಿದ್ಯೆ ಯಾರು ಕಲಿಸಿದ್ದು ಎಂದು ಒಮ್ಮೆ ಕೇಳಿದ್ದೆ.

"ನಾನು ಮಾಡಿದ ಮೊದಲನೇ ಮಾಡೆಲ್ ನಮ್ಮಪ್ಪಂದು" ಎಂದ. "ಬಾಗಿಲ ಹತ್ರ ಬೂಟು ಎರಡೂ ಒಟ್ಟಿಗೆ ಬಿದ್ರೆ ಬರೀ ಬೈಗುಳ. ಒಂದು ಬಿದ್ದು ಇನ್ನೊಂದು ತಡವಾದ್ರೆ ಬೆಲ್ಟು. ಸದ್ದು ಕೇಳಿ ನಾನು ಹೇಳ್ತಿದ್ದೆ, ಅಕ್ಕ ನೀರಿನ ಡ್ರಮ್ಮಿನ ಹಿಂದೆ ಬಚ್ಚಿಟ್ಕೋತಿದ್ಲು. ಎರಡು ವರ್ಷ ಒಂದ್ಸಲಾನೂ ತಪ್ಪಿರಲಿಲ್ಲ."

ಒಂದು ದಿನ ಅಪ್ಪ ಬೂಟುಗಳನ್ನು ಸದ್ದಿಲ್ಲದೆ ಜೋಡಿಸಿಟ್ಟ. ಎಂಟು ವರ್ಷದ ಇವನು, "ಇವತ್ತು ಏನಿಲ್ಲ, ಬಾ ಅಕ್ಕ" ಎಂದು ಕರೆದ. ಅಪ್ಪ ಅವಳ ಎಡಗೈ ತಿರುಚಿ ಮುರಿದ. ಆ ಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ.

ಕಳೆದ ವರ್ಷದ ಹೊಸ ಫಿಲ್ಟರಿಗೆ ಬಂದದ್ದು ಮೂರೇ ಕೆಪಾಸಿಟರು. ಮೂರೂ ಪೆಟ್ಟಿಗೆಗೆ ಬೇಕಿತ್ತು. ಒಂದನ್ನು ಸಿಡಿಸಿದರೆ ಇನ್ನೊಂದು ಬರಲು ಎರಡು ತಿಂಗಳು. ವಿಭಾಗದ ಸಾಹೇಬರು ಬಂದು, "ಏನಯ್ಯ, ಒಂದ್ಸಲ ಢಂ ಅನ್ನಿಸದೇ ಇದ್ರೆ ಊಟ ಸೇರಲ್ವಾ ನಿನಗೆ?" ಎಂದರು. ಪಟಾಕಿ ನಕ್ಕು ಸಹಿ ಹಾಕಿದ. ಸಿಡಿಸದೆ ಹಾಕಿದ ಸಹಿ ಅದೊಂದೇ.

ಮಾಡೆಲ್ಲಿನಲ್ಲಿ ತಪ್ಪಿರಲಿಲ್ಲ. ಹೊರಬರುವ ವೋಲ್ಟೇಜು ಅದು ಹೇಳಿದಷ್ಟೇ ಇತ್ತು. ಅದನ್ನೇ ನೋಡಿ, ಒಂಬೈನೂರು ವೋಲ್ಟ್ ತಡೆಯುವ ಕೆಪಾಸಿಟರು ಸಾಕೆಂದು ವಿನ್ಯಾಸದವರು ತೀರ್ಮಾನಿಸಿದರು. ನಡುವಿನ ಕೆಪಾಸಿಟರಿನ ಮೇಲೆ ಎಷ್ಟು ಬೀಳುತ್ತದೆಂದು ಯಾರೂ ನೋಡಲಿಲ್ಲ. ನೋಡಲು ಆ ಮಾಡೆಲ್ಲಿಗೆ ನಡು ಅನ್ನುವುದೇ ಇರಲಿಲ್ಲ.

ಪರೀಕ್ಷಾ ಹಾಲಿನಲ್ಲಿ ಪೆಟ್ಟಿಗೆ ಓಡಿಸುತ್ತಿದ್ದದ್ದು ಅವನ ಭಾವ, ಅಕ್ಕನ ಗಂಡ. ಫಿಟ್ಟರ್ ಕೆಲಸಕ್ಕೆ ಅವರನ್ನು ಸೇರಿಸಿದ್ದೂ ಇವನೇ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಿಡಿದ ಸದ್ದಿಗೆ ನಮ್ಮ ಕಿಟಕಿ ಗಾಜು ಉದುರಿತು. ಓಡಿಹೋದೆವು. ಪೆಟ್ಟಿಗೆಯ ಕಬ್ಬಿಣದ ಬಾಗಿಲು ಹತ್ತು ಹೆಜ್ಜೆ ಆಚೆ ಬಿದ್ದಿತ್ತು. ಭಾವ ಗೋಡೆಗೆ ಒರಗಿ ಕುಳಿತಿದ್ದರು. ಮುಖದಲ್ಲಿ ಎಣ್ಣೆ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ.

"ಲೈಟ್ ಯಾರೋ ಆರಿಸಿದ್ದು?" ಎಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ನೇರವಾಗಿ ಬಂದು, ಚಾಚಲು ಬರುವ ಕೈಯಿಂದ ಪಟಾಕಿಯ ಕೆನ್ನೆಗೆ ಎರಡು ಸಲ ಹೊಡೆದಳು. ಅವನ ತುಟಿ ಒಡೆಯಿತು.

"ಇವತ್ತೂ ಏನಿಲ್ಲ ಬಾ ಅಂತ ಕರೆದೆಯಲ್ಲೋ" ಎಂದಳು.

ವಾರ ಕಳೆಯುವುದರೊಳಗೆ ವರದಿ ಸಿದ್ಧವಾಯಿತು: ಫಿಟ್ಟರ್ ಪೆಟ್ಟಿಗೆಯ ಬಾಗಿಲು ಹಾಕಿರಲಿಲ್ಲ, ತಪ್ಪು ಅವನದೇ. ಬಾಗಿಲು ಮುಚ್ಚಿತ್ತು, ಚಿಲಕ ಹಾಕಿದ್ದು ಕೈಗೆ ನೆನಪಿದೆ ಎಂದು ಭಾವ ಕಟ್ಟಿದ ಕಣ್ಣಿನಲ್ಲೇ ಹೇಳುತ್ತಿದ್ದರು. ಕೇಳುವವರಿರಲಿಲ್ಲ.

"ಕಣ್ಣಂತೂ ಹೋಯ್ತು. ಇದೊಂದು ಮಾತು ಹೊತ್ಕೊಂಡ್ರೆ ಅವನಿಗೇನು ಭಾರ?" ಎಂದರು ಸಾಹೇಬರು. ಪಟಾಕಿ ಅವರ ಕಾಲರು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ. ಮೂಗು ಮುರಿದ ಸದ್ದು ನನಗೆ ಬಾಗಿಲಾಚೆ ಕೇಳಿತು. ಬಿಡಿಸಲು ಮೂವರು ಬೇಕಾಯಿತು.

ಕೆಲಸ ಹೋಗುವುದು ಖಾತ್ರಿಯಾಗಿತ್ತು. ಅವನಿಗೆ ಬೇಕಿದ್ದದ್ದು ಒಂದೇ: ಭಾವನ ಹೆಸರು ವರದಿಯಿಂದ ಹೋಗಬೇಕು. ಹೊರಗಿನಿಂದ ಬಂದ ವಿಚಾರಣೆಯ ಅಧಿಕಾರಿಗೆ ಬರೆದುಕೊಟ್ಟ: ಮುಚ್ಚಿದ ಬಾಗಿಲು ಹಾರಿಹೋಗುವುದನ್ನು ತೋರಿಸುತ್ತೇನೆ, ಮೋಟಾರಿನ ಎಷ್ಟು ವೇಗಕ್ಕೆ ಎಂಬುದನ್ನು ಮೊದಲೇ ಹೇಳುತ್ತೇನೆ. ಅಧಿಕಾರಿ ಒಪ್ಪಿದರು; ಹೊಸ ಕೆಪಾಸಿಟರು ಬಂದ ಮೇಲೆ ಎಂದು ದಿನ ಗೊತ್ತಾಯಿತು.

ಮಾಡೆಲ್ಲನ್ನು ಬಿಚ್ಚಿ, ಸುರುಳಿಗೊಂದು ಸಾಲು, ಕೆಪಾಸಿಟರಿಗೊಂದು ಸಾಲು ಬರೆದ. ಹತ್ತೊಂಬತ್ತು ಗಂಟೆ ಓಡಿತು. ಉತ್ತರ ಬಂದಾಗ ನನ್ನ ಕೈಗೆ ಚೀಟಿ ಕೊಟ್ಟ: ಮಧ್ಯದ ಕೆಪಾಸಿಟರು, ಮೋಟಾರಿನ ವೇಗ ನಲವತ್ತೊಂದು ಹರ್ಟ್ಸ್, ಎರಡು ಸಾವಿರದ ನೂರು ವೋಲ್ಟ್.

ಪ್ರದರ್ಶನದ ಹಿಂದಿನ ಮಧ್ಯಾಹ್ನ, ಶಿಫ್ಟ್ ಬದಲಾಗುವ ಹೊತ್ತಿಗೆ, ಸೈಕಲ್ ಸ್ಟ್ಯಾಂಡಿನ ಹಿಂದೆ ಪರೀಕ್ಷಾ ಹಾಲಿನ ನಾಲ್ವರು ಕೆಲಸಗಾರರು ಅವನನ್ನು ಕೆಡವಿ ತುಳಿದರು. ವಿನ್ಯಾಸದ್ದೇ ತಪ್ಪೆಂದಾದರೆ ಹಾಲಿಗೆ ಬೀಗ ಬೀಳುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಒಬ್ಬನ ಕೈಯಲ್ಲಿ ಪೈಪಿತ್ತು. ನಾನು ಕೂಗುತ್ತ ಹೋಗುವಷ್ಟರಲ್ಲಿ ಓಡಿದರು.

"ಪಕ್ಕೆಗೆ ಬಿತ್ತು. ಏನಿಲ್ಲ, ನಡಿ" ಎಂದ.

"ಆಸ್ಪತ್ರೆಗೆ ಹೋಗೋಣ."

"ಹೋದ್ರೆ ಮಲಗಿಸ್ಕೋತಾರೆ. ನಾಳೆ ಯಾರು ಸಿಡಿಸ್ತಾರೆ, ನಿಮ್ಮಜ್ಜಿ?"

ನನ್ನ ಕೋಣೆಗೆ ಬಂದ. ಊಟ ಮಾಡಿದ. ಸಾಹೇಬರ ಸೊಟ್ಟಗಾದ ಮೂಗನ್ನು ಅಣಕಿಸಿ ನಕ್ಕ. ನಕ್ಕಾಗ ಪಕ್ಕೆ ಹಿಡಿದುಕೊಂಡ. ಪಕ್ಕೆ ಅಲ್ಲವೇ, ನೋಯುತ್ತದೆ ಎಂದುಕೊಂಡೆ.

ಮರುದಿನ ಪೆಟ್ಟಿಗೆಗೆ ಅದೇ ಜಾತಿಯ ಹೊಸ ಕೆಪಾಸಿಟರು, ಹೊಸ ಬಾಗಿಲು. ಅಧಿಕಾರಿ ಸ್ವಂತ ಕೈಯಿಂದ ಚಿಲಕ ಹಾಕಿ, ಎರಡು ಸಲ ಜಗ್ಗಿ ನೋಡಿದರು. ಭಾವನ ಪರವಾಗಿ ಅಕ್ಕ ಬಂದಿದ್ದಳು. ಎಲ್ಲರೂ ಇಟ್ಟಿಗೆ ಗೋಡೆಯ ಹಿಂದೆ ನಿಂತು, ದಪ್ಪ ಗಾಜಿನ ಕಿಂಡಿಯಲ್ಲಿ ನೋಡುತ್ತಿದ್ದೆವು. ಪಟಾಕಿ ಮೋಟಾರಿನ ವೇಗ ಏರಿಸುತ್ತಾ ಸಂಖ್ಯೆ ಹೇಳುತ್ತಾ ಹೋದ. ಮೂವತ್ತೆಂಟು. ಮೂವತ್ತೊಂಬತ್ತು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನಲವತ್ತು.

ನಲವತ್ತೊಂದು ಎಂದು ಅವನು ಹೇಳಿ ಮುಗಿಸಲಿಲ್ಲ. ಬೆಂಕಿ ಕಂಡಿತು, ಆಮೇಲೆ ಸದ್ದು. ಬಾಗಿಲು ಕೀಲುಗಳ ಸಮೇತ ಕಿತ್ತು ಎದುರಿನ ಗೋಡೆಗೆ ಬಡಿದು ಎರಡು ಇಟ್ಟಿಗೆ ಉರುಳಿಸಿತು. ಹೊಗೆ ತಿಳಿಯಾದ ಮೇಲೆ ಅಧಿಕಾರಿ ಹೋಗಿ, ಹಾಕಿದಂತೆಯೇ ಇದ್ದ ಚಿಲಕವನ್ನು ಮುಟ್ಟಿ ನೋಡಿದರು. ಬಂದು ಕಡತ ಬಿಡಿಸಿ ಒಂದು ಸಾಲಿನ ಮೇಲೆ ಗೆರೆ ಎಳೆದರು.

"ಬಾಗಿಲು ಮುಚ್ಚಿತ್ತು ಅಕ್ಕ" ಎಂದ ಪಟಾಕಿ. ಹಾಗೆನ್ನುತ್ತಲೇ ಗೋಡೆ ಸವರಿಕೊಂಡು ಕೆಳಗೆ ಕುಸಿದ. ತುಟಿ ಸುಣ್ಣದಂತಾಗಿತ್ತು. ಅಕ್ಕ ಡೊಂಕು ಕೈಯಲ್ಲೇ ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಹಿಂದಿನ ಮಧ್ಯಾಹ್ನ ಬಿದ್ದ ಏಟಿಗೆ ಅವನ ಎಡಪಕ್ಕೆಲುಬಿನಡಿಯ ಗುಲ್ಮ ಸೀಳಿಹೋಗಿತ್ತು. ಹೊಟ್ಟೆಯೊಳಗೆ ರಕ್ತ ತುಂಬುತ್ತಲೇ ಇತ್ತಂತೆ. ಆಪರೇಷನ್ ಮೇಜಿನ ಮೇಲೆ, ನಾಲ್ಕು ಗಂಟೆಗೆ, ಹೋದ. ನಲವತ್ತಾರು ವರ್ಷ.

"ನಿನ್ನೆಯಿಂದ ಜೊತೆಗಿದ್ದದ್ದು ನೀವೇನಾ?" ಎಂದು ಡಾಕ್ಟರು ಕೇಳಿದರು.

ಹೌದು ಎಂದೆ.

"ಏನೂ ಗೊತ್ತಾಗಲಿಲ್ವಾ?"

"ಊಟ ಮಾಡಿದ" ಎಂದೆ. "ನಗ್ತಾ ಇದ್ದ."

ಅವರು ಅದನ್ನು ಬರೆದುಕೊಂಡರು.